ಅಸುಂಪ್ತಾ ಸಾಕಿದ ಕೊರಡು

ಸಂತರನ್ನು ತಯಾರಿಸಿ ಮಾರುವ ಊರು ಬಾರ್ಸಿಲೋನಾದಿಂದ ಉತ್ತರಕ್ಕಿರುವ ನಮ್ಮ ಓಲೋತ್. ಹಾಗಾಗಿ ನಮಗೆ ಸಂತರ ಹತ್ತಿರ ಸಲಿಗೆ ಸ್ವಲ್ಪ ಜಾಸ್ತಿ. ಬೇರೆ ಊರಿನವರು ಮಂಡಿಯೂರಿ ಬೇಡಿಕೊಳ್ಳುವ ಮೂರ್ತಿಯನ್ನು ನಾವು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದವರು. ಅಸುಂಪ್ತಾ ಇಂಥದೊಂದು ಕಾರ್ಖಾನೆಗೆ ಲಂಗ ತೊಡುವ ವಯಸ್ಸಿನಲ್ಲೇ ಸೇರಿ, ಮಂಡಿ ಕೈಕೊಡುವ ತನಕ ಸಂತರಿಗೆ ಕಣ್ಣು ಕೂರಿಸಿದಳು. ಗಾರೆಯ ಮುಖದಲ್ಲಿ ಗಾಜಿನ ಕಣ್ಣಿಟ್ಟು, ರೆಪ್ಪೆ ಬರೆದು, ಕೆನ್ನೆಗೆ ಬಣ್ಣ ಹಚ್ಚುವುದು ಅವಳ ಕೆಲಸ. ಅವಳು ಕಣ್ಣಿಟ್ಟ ಸಂತ ಸುಮ್ಮನೆ ನಿಂತಿರುವುದಿಲ್ಲ, ನೋಡುತ್ತಾನೆ. ನೀವು ಬಾಗಿಲು ದಾಟುವ ತನಕ ನೋಡುತ್ತಲೇ ಇರುತ್ತಾನೆ. ತಾನಿಟ್ಟ ಕಣ್ಣುಗಳಿಗೆ ಹೆದರಿ ಎಷ್ಟೋ ಊರಿನ ಗಂಡಸರು ಪೂಜೆಯ ಮಧ್ಯೆ ಸಿಗರೇಟು ಸೇದಲು ಎದ್ದು ಹೋಗುವುದನ್ನೇ ಬಿಟ್ಟಿದ್ದಾರೆ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಉತ್ಪ್ರೇಕ್ಷೆ ಇರಬಹುದು. ಆದರೆ ನಾನೂ ಆ ಕಣ್ಣುಗಳ ಮುಂದೆ ಕೂತವನು, ಪೂರ್ತಿ ಸುಳ್ಳೆನ್ನಲಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿಂದ ಒಂದು ಎಡವಟ್ಟಾಯಿತು. ಹಂದಿಮರಿಯ ಜೊತೆ ನಿಂತ ಸಂತ ಆಂತೋನಿಗೆ ಎಡಗಣ್ಣು ಮೂಗಿನ ಕಡೆಗೆ ಜಾರಿ ಕೂತುಬಿಟ್ಟಿತು. ಕೊಂಡ ಇಗರ್ಜಿಯವರು, ನಿಮ್ಮ ಸಂತ ನಮ್ಮನ್ನು ಬಿಟ್ಟು ತನ್ನ ಮೂಗನ್ನೇ ನೋಡಿಕೊಳ್ಳುತ್ತಾನೆ ಎಂದು ವಾಪಸು ಕಳಿಸಿದರು. ಅವನನ್ನು ವ್ಯಾನಿನಲ್ಲಿ ಹೊತ್ತು ತಂದವನು ಫೆರ್ಮಿ. ಕಾರ್ಖಾನೆಯ ವ್ಯಾನು ಓಡಿಸುತ್ತಿದ್ದ ಅವನದು ಸದಾ ಆಗಷ್ಟೇ ನಿದ್ದೆಯಿಂದ ಎದ್ದುಬಂದ ಮುಖ. ಒಡೆದು ಬಿಸಾಡಿ ಎಂದು ಮಾಲೀಕರು ಹೇಳಿದ ಮೂರ್ತಿಯನ್ನು ಅವನು ಒಡೆಯಲಿಲ್ಲ. ಸಂಜೆ ಅಸುಂಪ್ತಾಳ ಮನೆ ಬಾಗಿಲಿಗೆ ತಂದಿಟ್ಟು, "ನಿನ್ನ ಆಂತೋನಿ. ನನಗೇನೋ ಹೀಗೇ ಚೆನ್ನಾಗಿ ಕಾಣ್ತಾನೆ," ಎಂದು ಹೇಳಿ ಹೋದ. ಮರುವರ್ಷ ಅವರ ಮದುವೆಯಾಯಿತು. ಮೆಳ್ಳಗಣ್ಣಿನ ಆಂತೋನಿ ಅವರ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತ.

ಗಂಡನ ಬಗ್ಗೆ ಅಸುಂಪ್ತಾಳಿಗೆ ಪ್ರೀತಿ ಇತ್ತು, ನಂಬಿಕೆ ಮಾತ್ರ ಇರಲಿಲ್ಲ. ಬೇರೆ ಹೆಂಗಸಿನ ವಿಷಯದ ನಂಬಿಕೆಯಲ್ಲ, ಗುಟ್ಟಿನದು. ಮದುವೆಗೆ ಮುಂಚೆ ಇಬ್ಬರೂ ಕದ್ದು ಕುಣಿತಕ್ಕೆ ಹೋಗಿದ್ದನ್ನು ಅವನು ಅವಳಪ್ಪನ ಎದುರಿಗೇ ಬಾಯಿಬಿಟ್ಟಿದ್ದ. ಅಪ್ಪ ಕೇಳಿದ್ದು, "ಹೇಗಿದ್ದೀಯಪ್ಪ?" ಎಂದಷ್ಟೇ. ಇವನು ಹೇಳಿದ್ದು, "ಕುಣಿದು ಕುಣಿದು ಕಾಲು ನೋಯ್ತಿದೆ." ಅವತ್ತೇ ಅಸುಂಪ್ತಾ ತೀರ್ಮಾನಿಸಿದಳು. ಈ ಗಂಡಸಿನ ಹೊಟ್ಟೆಯಲ್ಲಿ ಊಟ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ.

ಕ್ರಿಸ್‌ಮಸ್ ಬಂತೆಂದರೆ ಈ ತೀರ್ಮಾನಕ್ಕೆ ಎಲ್ಲಿಲ್ಲದ ಬೆಲೆ. ನಮ್ಮ ಮಕ್ಕಳಿಗೆ ಉಡುಗೊರೆ ತರುವುದು ಗಡ್ಡದ ಮುದುಕನಲ್ಲ, ಅವನು ಟೀವಿಯಲ್ಲಿ ಬಂದವನು. ನಮ್ಮಲ್ಲಿ ಅದನ್ನು ಹೇಲುವುದು ಮರದ ಕೊರಡು. ತಿಯೋ ಎಂದು ಅದರ ಹೆಸರು. ಡಿಸೆಂಬರಿನ ಮೊದಲ ವಾರ ಕನ್ಯಾಮಾತೆಯ ಹಬ್ಬದ ಹೊತ್ತಿಗೆ ಅದು ಕಾಡಿನಿಂದ ಬಂದು ಮನೆ ಸೇರುತ್ತದೆ. ಮುಂದೆ ಎರಡು ಕಾಲು, ಒಂದು ಮುಖ, ತಲೆಗೆ ಕೆಂಪು ಟೊಪ್ಪಿ, ಬೆನ್ನ ಮೇಲೆ ಕಂಬಳಿ. ಮಕ್ಕಳು ದಿನಾ ಕಿತ್ತಳೆ ಸಿಪ್ಪೆ, ಒಣಗಿದ ಬ್ರೆಡ್ಡು ತಿನ್ನಿಸಿ ಸಾಕಬೇಕು. ಕ್ರಿಸ್‌ಮಸ್ ಹಿಂದಿನ ಸಂಜೆ ಎಲ್ಲರೂ ಸೇರಿ ಹಾಡು ಹೇಳುತ್ತ ಅದರ ಬೆನ್ನಿಗೆ ದೊಣ್ಣೆಯಿಂದ ಬಾರಿಸಬೇಕು. ಆಗ ಅದು ಕಂಬಳಿಯಡಿ ಕಕ್ಕ ಮಾಡುತ್ತದೆ. ಬಾದಾಮಿ ಮಿಠಾಯಿ, ಚಾಕೊಲೇಟು, ಆಟಿಕೆ, ಎಲ್ಲಾ ಆದಮೇಲೆ ಕಟ್ಟಕಡೆಗೆ ಒಂದು ಉಪ್ಪುಮೀನು. ಮೀನು ಬಿತ್ತೆಂದರೆ ಹೊಟ್ಟೆ ಖಾಲಿ. ಹೊರಗಿನವರು ಇದನ್ನು ಕೇಳಿ ಮೂಗು ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ. ನಮ್ಮ ಮಿಠಾಯಿಯ ರುಚಿ ಅದರಿಂದೇನೂ ಕೆಟ್ಟಿಲ್ಲ.

ಎಲ್ಲರ ಮನೆಯಲ್ಲೂ ಕೊರಡಿರುತ್ತದೆ. ಅಸುಂಪ್ತಾಳ ಮನೆಯಲ್ಲಿ ಕೊರಡು ಬೆಳೆಯುತ್ತಿತ್ತು. ಒಂದೇ ಬೀಚ್ ಮರದ ತುಂಡುಗಳನ್ನು, ಕುರಿಮರಿಯ ಗಾತ್ರದಿಂದ ಹಿಡಿದು ಕರುವಿನ ಗಾತ್ರದ ತನಕ, ನೆಲಮಾಳಿಗೆಯಲ್ಲಿ ಸಾಲಾಗಿ ಇಟ್ಟುಕೊಂಡಿರುತ್ತಿದ್ದಳು. ಮುಖವನ್ನು ಗಾರೆಯಲ್ಲಿ ಬೇರೆಯಾಗಿ ಮಾಡಿ ಗೂಟಕ್ಕೆ ಸಿಕ್ಕಿಸುತ್ತಿದ್ದಳು. ಮಕ್ಕಳು ಮಲಗಿದ ಮೇಲೆ ಮುಖ ಕಿತ್ತು ಮುಂದಿನ ತುಂಡಿಗೆ ಹಾಕಿದರಾಯಿತು. ಬೆಳಗ್ಗೆ ಎದ್ದವರಿಗೆ ಅದೇ ಮುಖ, ಅದೇ ಟೊಪ್ಪಿ, ಹೊಟ್ಟೆ ಮಾತ್ರ ಒಂದು ಸುತ್ತು ದೊಡ್ಡದು. ಮಕ್ಕಳ ಬಾಯಿ ತೆರೆದುಕೊಂಡದ್ದು ಮುಚ್ಚುತ್ತಿರಲಿಲ್ಲ.

ಇನ್ನು ಕಕ್ಕದ ಏರ್ಪಾಡು. ತಣ್ಣನೆಯ ದೊಣ್ಣೆಯಲ್ಲಿ ಹೊಡೆದರೆ ಕೊರಡಿಗೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಮಕ್ಕಳೆಲ್ಲ ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ಹಾಡು ಹೇಳುತ್ತ ದೊಣ್ಣೆ ಬಿಸಿ ಮಾಡಿಕೊಂಡು ಬರಬೇಕು. ಅವರನ್ನು ಕರೆದುಕೊಂಡು ಹೋಗುವವನು ಫೆರ್ಮಿ, ವರ್ಷಾವರ್ಷವೂ ಅವನೇ. "ನೀನು ಇಲ್ಲಿದ್ರೆ ನಿನ್ನ ಮುಖ ನೋಡೇ ಮಕ್ಕಳಿಗೆ ಗೊತ್ತಾಗ್ಬಿಡತ್ತೆ, ನಡಿ," ಎಂದು ಅಸುಂಪ್ತಾ ಅವನನ್ನು ಅಟ್ಟುತ್ತಿದ್ದಳು. ಅವನು ಹೋಗಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಅಪಸ್ವರದಲ್ಲಿ ಹಾಡುತ್ತಿದ್ದ. ಅಷ್ಟರಲ್ಲಿ ಇವಳು ಉಡುಗೊರೆಗಳನ್ನು ತೆಗೆದು ಕಂಬಳಿಯಡಿ ತುಂಬಿಬಿಡುತ್ತಿದ್ದಳು. ಎಲ್ಲಿಂದ ತೆಗೆಯುತ್ತಿದ್ದಳು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳು ಮಿರೇಯಾಗೆ ಅವಳೇ ತಾಯಿಯಾದ ಮೇಲೂ ಹೇಳಿರಲಿಲ್ಲ. ಗಾರೆಯ ಸಂತರು ಒಳಗೆ ಟೊಳ್ಳು. ಬೆನ್ನಿಗೆ ಕೈ ಹಿಡಿಸುವಷ್ಟು ತೂತಿರುತ್ತದೆ. ಆಂತೋನಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದು ಸುಮ್ಮನೆ ಅಲ್ಲ.

ಕೊನೆಯ ಉಪ್ಪುಮೀನು ಯಾವಾಗಲೂ ಅಸುಂಪ್ತಾಳ ಪಾಲು. ತನಗೆ ತಾನೇ ಉಡುಗೊರೆ ಕಟ್ಟಿಟ್ಟುಕೊಳ್ಳಲು ಅವಳಿಗೆ ನಾಚಿಕೆ. ಹಾಗಾಗಿ ಎಲ್ಲರ ಹೆಸರಿನ ಪೊಟ್ಟಣ ಬಿಚ್ಚಿಯಾದ ಮೇಲೆ ಮೀನನ್ನು ಬಾಲ ಹಿಡಿದೆತ್ತಿ, "ನೋಡಿ, ಇದಕ್ಕೆ ನನ್ನ ನೆನಪಾಗೋದು ಹೊಟ್ಟೆ ಖಾಲಿ ಆದ್ಮೇಲೇನೇ. ಸಕ್ಕರೆಪಾಕದ ಚೆಸ್ಟ್‌ನಟ್ ಅಂದ್ರೆ ನಂಗೆ ಪ್ರಾಣ ಅಂತ ಈ ಕೊರಡಿಗೆ ಯಾರಾದ್ರೂ ಹೇಳ್ಬಾರ್ದಾ?" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಫೆರ್ಮಿ ತಟ್ಟೆ ನೋಡಿಕೊಂಡು ಕೂತಿರುತ್ತಿದ್ದ.

ಆ ವರ್ಷ ನವೆಂಬರಿನಲ್ಲಿ ಬಾರ್ಸಿಲೋನಾದಲ್ಲಿ ಮಿರೇಯಾಗೆ ಗಂಡುಮಗು ಹುಟ್ಟಿತು. ಆರು ವರ್ಷದ ಮೊದಲ ಮಗಳು ಎಲ್ನಾಳನ್ನು ಕ್ರಿಸ್‌ಮಸ್ ಮುಗಿಯುವ ತನಕ ಅಜ್ಜಿಯ ಮನೆಗೆ ಕಳಿಸಿದರು. ಕಳಿಸುವ ಮುಂಚೆ ಮಿರೇಯಾ ಫೋನು ಮಾಡಿದಳು.

"ಅಮ್ಮ, ಅವಳ ಕ್ಲಾಸಲ್ಲಿ ಯಾವನೋ ಎಲ್ಲಾ ಹೇಳ್ಬಿಟ್ಟಿದ್ದಾನೆ. ತಿಯೋ ಅಂತ ಏನೂ ಇಲ್ಲ, ಎಲ್ಲಾ ಅಪ್ಪ ಅಮ್ಮನೇ ಇಡೋದು ಅಂತ. ಇವಳು ಅವನ ಜೊತೆ ಜಗಳ ಆಡ್ಕೊಂಡು ಬಂದಿದ್ದಾಳೆ. ಆದ್ರೆ ಆವತ್ತಿಂದ ನನ್ನ ಮುಖಾನೇ ನೋಡ್ತಿರ್ತಾಳೆ."

"ನಮ್ಮನೆ ತಿಯೋನ ನೋಡಿದ್ರೆ ಸರಿಹೋಗ್ತಾಳೆ ಬಿಡು."

"ತಮಾಷೆ ಅಲ್ಲಮ್ಮ. ಪಾಪು ಬಂದಾಗಿಂದ ಅವಳ ಹಾಸಿಗೆ ಬೇರೆ ಆಯ್ತು, ರೂಮ್ ಬೇರೆ ಆಯ್ತು, ನಾನೂ ಅವಳ ಕೈಗೆ ಸಿಗ್ತಿಲ್ಲ. ಇದೊಂದಾದ್ರೂ ಈ ವರ್ಷ ಅವಳಿಗೆ ಉಳೀಲಿ."

ಮಗಳ ದನಿ ಕೇಳಿ ಅಸುಂಪ್ತಾಳಿಗೆ ಸಂಕಟವಾಯಿತು. ಫೋನಿಟ್ಟವಳೇ ಅಟ್ಟದಲ್ಲಿದ್ದ ತನ್ನ ಹಳೆಯ ಡಬ್ಬಿ ತೆಗೆದಳು. ಕೆಲಸ ಬಿಡುವಾಗ ಮಾಲೀಕರು ನೆನಪಿಗೆಂದು ಕೊಟ್ಟ ಒಂದು ಜೊತೆ ಗಾಜಿನ ಕಣ್ಣು ಅದರಲ್ಲಿತ್ತು. ದೊಡ್ಡ ಇಗರ್ಜಿಯ ಮಾತೆಗೆಂದು ಮಾಡಿಸಿದ ಕಂದು ಕಣ್ಣು, ಒಳಗೆ ತೇವ ಇದ್ದಂತೆ ಹೊಳೆಯುತ್ತಿತ್ತು. ಅದನ್ನು ಕೊರಡಿನ ಮುಖಕ್ಕೆ ಕೂರಿಸಿ, ಕೂದಲೆಳೆಯಂಥ ಕುಂಚದಲ್ಲಿ ರೆಪ್ಪೆ ಬರೆದಳು. ಅವಳ ತಂಗಿ ಎಂಗ್ರಾಸಿಯಾ ಪಕ್ಕದ ಬೀದಿಯವಳು. ಕಾಫಿಗೆ ಬಂದವಳು ನೋಡಿ ಶಿಲುಬೆಯ ಗುರುತು ಹಾಕಿಕೊಂಡಳು.

"ಅಕ್ಕ, ಮಾತೆಯ ಕಣ್ಣು ತಗೊಂಡು ಹೋಗಿ ಕುಂಡಿಗೆ ಏಟು ತಿನ್ನೋ ಪ್ರಾಣಿಗೆ ಇಟ್ಟಿದ್ದೀಯಲ್ಲ. ಒಳ್ಳೇದಾಗಲ್ಲ ನೋಡು."

"ನಿನ್ನ ಕಾಫಿ ಕುಡಿ," ಎಂದಳು ಅಸುಂಪ್ತಾ.

ಎಲ್ನಾ ಬಂದಳು. ಕೋಟು ಬಿಚ್ಚುವ ಮುಂಚೆಯೇ ಕೊರಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅದನ್ನು ನೋಡಿದಳು. ಅದೂ ಅವಳನ್ನು ನೋಡಿತು. ಅಷ್ಟೇ, ಕ್ಲಾಸಿನ ಆ ಹುಡುಗನ ಮಾತೆಲ್ಲ ಅವತ್ತಿಗೇ ಮುಗಿಯಿತು. ತನ್ನ ತಟ್ಟೆಯ ಬ್ರೆಡ್ಡಿನಲ್ಲಿ ಅರ್ಧ ಅದಕ್ಕೆ, ಕಿತ್ತಳೆಯ ಸಿಪ್ಪೆ ಅದಕ್ಕೆ, ಹಾಲಿನಲ್ಲೂ ಅದಕ್ಕೆ ಪಾಲು. ಚಳಿ ಹೆಚ್ಚಾದ ದಿನ ಎರಡನೆಯ ಕಂಬಳಿ. ಅದರ ಕಿವಿ ಇರಬೇಕಾದ ಜಾಗದಲ್ಲಿ ಬಾಯಿಟ್ಟು ಏನೇನೋ ಹೇಳುತ್ತಿದ್ದಳು. ಒಮ್ಮೆ ಅಸುಂಪ್ತಾ ಬಾಗಿಲ ಸಂದಿಯಿಂದ ಕೇಳಿಸಿಕೊಂಡಳು. "ನಂಗೂ ಈಗ ಬೇರೆ ರೂಮು," ಎನ್ನುತ್ತಿದ್ದಳು ಎಲ್ನಾ. "ಮೊದಮೊದಲು ಭಯ ಆಗತ್ತೆ. ಆಮೇಲೆ ರೂಢಿ ಆಗತ್ತೆ." ಅಸುಂಪ್ತಾ ಸದ್ದಿಲ್ಲದೆ ಅಡುಗೆಮನೆಗೆ ಹೋಗಿ, ಕಣ್ಣೊರೆಸಿಕೊಂಡು, ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಫೆರ್ಮಿಗೆ ಹೇಳಿದಳು. ಅಲ್ಲಿ ಈರುಳ್ಳಿ ಇರಲಿಲ್ಲ. ಫೆರ್ಮಿ ಅದನ್ನು ಕೇಳಲೂ ಇಲ್ಲ.

ಕೊರಡು ಬೆಳೆಯಿತು. ಕುರಿಮರಿ ಹೋಗಿ ಹಂದಿಯಾಯಿತು, ಹಂದಿ ಹೋಗಿ ಕರುವಿನ ಹತ್ತಿರ ಬಂತು. ಅಸುಂಪ್ತಾ ಒಳಗೊಳಗೇ ಬೀಗಿದಳು. ಹಬ್ಬಕ್ಕೆ ಇನ್ನೆರಡು ದಿನ ಇರುವಾಗ ಎಲ್ನಾ ಗಂಭೀರವಾಗಿ ಬಂದು ಅವಳ ಏಪ್ರನ್ ಎಳೆದಳು.

"ಅಜ್ಜಿ, ತಿಯೋ ಕಕ್ಕ ಮಾಡಿದ್ದು ಯಾವತ್ತು?"

"ಕ್ರಿಸ್‌ಮಸ್‌ಗೆ ಮಾಡತ್ತೆ ಪುಟ್ಟಿ."

"ಅಲ್ಲಿವರೆಗೂ ಮಾಡಲ್ವಾ? ಒಂದ್ಸಲಾನೂ?"

"ಇಲ್ಲ."

ಎಲ್ನಾ ತುಟಿ ಕಚ್ಚಿಕೊಂಡು ಯೋಚಿಸಿದಳು. "ಬಂದಾಗಿಂದ ತಿಂತಾನೇ ಇದೆ. ಪಾಪು ಎರಡು ದಿನ ಮಾಡ್ಲಿಲ್ಲ ಅಂತ ಅಮ್ಮ ಡಾಕ್ಟರಿಗೆ ಫೋನ್ ಮಾಡಿದ್ಲು. ಇದರ ಹೊಟ್ಟೆ ನೋಡು, ಹೇಗೆ ಉಬ್ಬಿದೆ. ಕಲ್ಲಾಗಿದೆ, ಮುಟ್ಟಿ ನೋಡು."

"ಅದು ಹಾಗೇನೇ..."

"ಹೊಟ್ಟೆ ಕಟ್ಕೊಂಡಿರೋರನ್ನ ದೊಣ್ಣೇಲಿ ಹೊಡೀತಾರಾ ಅಜ್ಜಿ?"

ಅಸುಂಪ್ತಾಳಿಗೆ ಇಂಥ ಪ್ರಶ್ನೆ ಈ ತನಕ ಯಾವ ಮಗುವೂ ಕೇಳಿರಲಿಲ್ಲ. ಅವಸರಕ್ಕೆ ಬಾಯಿಗೆ ಬಂದದ್ದನ್ನು ಹೇಳಿದಳು. "ಅದು ಮರ ಅಲ್ವೇನೇ, ಅದಕ್ಕೆ ನೋವಾಗಲ್ಲ."

ಎಲ್ನಾ ಅಜ್ಜಿಯನ್ನು ದಿಟ್ಟಿಸಿ ನೋಡಿದಳು. "ಬರೀ ಮರಾನಾ?"

ಅಸುಂಪ್ತಾ ನಾಲಿಗೆ ಕಚ್ಚಿಕೊಂಡಳು. ಮರ ಎಂದರೆ ಕ್ಲಾಸಿನ ಹುಡುಗ ಗೆದ್ದ ಹಾಗೆ. ಮರವಲ್ಲ ಎಂದರೆ, ಮಾತೆಯ ಕಣ್ಣಿರುವ ಬಡಪಾಯಿ ಪ್ರಾಣಿಯನ್ನು ಮನೆಮಂದಿಯೆಲ್ಲ ಸೇರಿ ಬಡಿಯುವವರಿದ್ದಾರೆ. ಅವಳು ಕೊರಡಿನ ಕಡೆ ತಿರುಗಿದಳು. ಅದು ಅವಳನ್ನೇ ನೋಡುತ್ತಿತ್ತು. ಇಷ್ಟು ಚೆನ್ನಾಗಿ ಯಾಕಾದರೂ ಕೂರಿಸಿದೆನೋ ಎನ್ನಿಸಿತು. "ಸಾರು ಉಕ್ಕತ್ತೆ, ತಾಳು," ಎಂದು ಅಲ್ಲಿಂದ ತಪ್ಪಿಸಿಕೊಂಡಳು.

ಕ್ರಿಸ್‌ಮಸ್ ಹಿಂದಿನ ಸಂಜೆ ಮನೆ ತುಂಬಿತು. ಮಿರೇಯಾ ಗಂಡನ ಜೊತೆ ಕೂಸನ್ನೆತ್ತಿಕೊಂಡು ಬಂದಳು. ಎಂಗ್ರಾಸಿಯಾ, ಅವಳ ಮಕ್ಕಳು ಸೊಸೆಯಂದಿರು, ಅವರ ಚಿಲ್ಟುಪಿಲ್ಟುಗಳು. ದೊಣ್ಣೆಗಳನ್ನು ಬಾಗಿಲ ಹತ್ತಿರ ಒರಗಿಸಿದ್ದಾಯಿತು. ಉಡುಗೊರೆಗಳನ್ನು ಅಸುಂಪ್ತಾ ಬೆಳಗ್ಗೆಯೇ ಆಂತೋನಿಯ ಹೊಟ್ಟೆಗೆ ಸೇರಿಸಿದ್ದಳು. ಎಲ್ಲ ಸಿದ್ಧ ಎಂದು ಪಡಸಾಲೆಗೆ ಬಂದು ನೋಡಿದರೆ ಕೊರಡೇ ಇಲ್ಲ. ಕಂಬಳಿಯೂ ಇಲ್ಲ, ಎಲ್ನಾಳೂ ಇಲ್ಲ. ಕುರ್ಚಿಯಲ್ಲಿ ಫೆರ್ಮಿ ತೂಕಡಿಸುತ್ತಿದ್ದ.

"ಫೆರ್ಮಿ, ತಿಯೋ ಎಲ್ಲಿ?"

"ಕಕ್ಕಸಲ್ಲಿ."

"ಯಾರು ತಗೊಂಡು ಹೋದ್ರು?"

"ನಾನೇ. ಎಲ್ನಾ ಕೇಳಿದ್ಲು. ಅವಳ ಕೈಲಿ ಎತ್ತಕ್ಕಾಗ್ಲಿಲ್ಲ."

ಇದಕ್ಕೆ ಏನೆಂದು ಬೈಯುವುದೆಂದು ಹುಡುಕುತ್ತ ಅಸುಂಪ್ತಾ ಕಕ್ಕಸಿನ ಬಾಗಿಲಿಗೆ ಹೋದಳು. ಒಳಗಿನಿಂದ ಚಿಲಕ ಹಾಕಿತ್ತು. ಬಾಗಿಲ ಮುಂದೆ ಎಂಗ್ರಾಸಿಯಾ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಳು. ಮನೆಯಲ್ಲಿದ್ದದ್ದು ಅದೊಂದೇ ಕಕ್ಕಸು.

"ಎಲ್ನಾ, ಚಿನ್ನ, ಬಾಗಿಲು ತೆಗಿ. ನಿನ್ನ ಚಿಕ್ಕಜ್ಜಿಗೆ ಅರ್ಜೆಂಟು."

"ತಿಯೋಗೂ ಅರ್ಜೆಂಟು," ಎಂದಳು ಎಲ್ನಾ ಒಳಗಿನಿಂದ. "ಕೂರಿಸಿದ್ದೀನಿ. ಇನ್ನೂ ಬಂದಿಲ್ಲ."

"ಅದಕ್ಕೆ ಇಲ್ಲಿ ಬರಲ್ಲ ಕಣೇ, ಪಡಸಾಲೇಲಿ ಬರೋದು."

"ಹೊಡೀತೀರಾ?"

ಅಸುಂಪ್ತಾ ತಂಗಿಯ ಮುಖ ನೋಡಿದಳು. ಆ ಮುಖದಲ್ಲಿ ಬಣ್ಣವೇ ಇರಲಿಲ್ಲ. "ಹೊಡಿಯಲ್ಲ ಅನ್ನು ಅಕ್ಕ," ಎಂದು ಎಂಗ್ರಾಸಿಯಾ ಹಲ್ಲು ಕಚ್ಚಿಕೊಂಡು ಹೇಳಿದಳು. "ಏನು ಬೇಕಾದ್ರೂ ಒಪ್ಕೋ."

"ಹೊಡಿಯಲ್ಲ."

"ಯಾರೂ? ಹುಡುಗರೂ?"

"ಯಾರೂ ಇಲ್ಲ."

"ಮಾತೆಯ ಮೇಲೆ ಆಣೆ?"

ಆಣೆಯೂ ಆಯಿತು. ಚಿಲಕ ಸರಿಯಿತು. ಕೊರಡು ಕಮೋಡಿನ ಮೇಲೆ ಹಿಂಭಾಗ ಊರಿ, ಕೆಂಪು ಟೊಪ್ಪಿ ಹಾಕಿಕೊಂಡು, ಮಾತೆಯ ಕಣ್ಣುಗಳಿಂದ ಎಲ್ಲರನ್ನೂ ನೋಡುತ್ತ ಕೂತಿತ್ತು. ಫೆರ್ಮಿ ಬಂದು ಅದನ್ನು ಎತ್ತಿದ. ಅದರ ಹಿಂದೆ ಬಾಗಿಲು ಧಡಾರನೆ ಮುಚ್ಚಿತು, ಒಳಗೆ ಸೇರಿದ ಎಂಗ್ರಾಸಿಯಾಳ ನಿಟ್ಟುಸಿರು ಪಡಸಾಲೆಯ ತನಕ ಕೇಳಿಸಿತು.

ಕೊರಡು ತನ್ನ ಜಾಗಕ್ಕೆ ಬಂತು. ದೊಣ್ಣೆ ಇಲ್ಲ ಎಂದು ಗೊತ್ತಾದ ಹುಡುಗರು ಮುಖ ಊದಿಸಿಕೊಂಡರು. ಎಲ್ನಾ ಅಡುಗೆಮನೆಯಿಂದ ಆಲಿವ್ ಎಣ್ಣೆಯ ಬಟ್ಟಲು ತಂದು, ಪಾಪುವಿಗೆ ಅಮ್ಮ ಮಾಡುವಂತೆ, ಅಂಗೈಯಲ್ಲಿ ಎಣ್ಣೆ ತಗೊಂಡು ಕೊರಡಿನ ಹೊಟ್ಟೆಯನ್ನು ಸುತ್ತ ಸುತ್ತ ನೀವತೊಡಗಿದಳು. ಮಿರೇಯಾ ಕೂಸಿಗೆ ಹಾಲೂಡಿಸುತ್ತ ಅಮ್ಮನ ಕಡೆ ನೋಡಿದಳು. ಆ ನೋಟದ ಅರ್ಥ, ಈಗೇನು ಮಾಡ್ತೀಯ?

ಅಸುಂಪ್ತಾ ಲೆಕ್ಕ ಹಾಕಿದಳು. ದೊಣ್ಣೆಯಿಲ್ಲ ಎಂದಮೇಲೆ ದೊಣ್ಣೆ ಬಿಸಿ ಮಾಡುವ ನೆಪವಿಲ್ಲ. ನೆಪವಿಲ್ಲ ಎಂದಮೇಲೆ ಎಲ್ನಾ ಕೊರಡಿನ ಪಕ್ಕದಿಂದ ಏಳುವುದಿಲ್ಲ. ಏಳದಿದ್ದರೆ ಕಂಬಳಿಯಡಿ ಏನೂ ಬರುವುದಿಲ್ಲ. ಇಷ್ಟು ದಿನ ಹಾಲು ಬ್ರೆಡ್ಡು ಕೊಟ್ಟು ಸಾಕಿದ ಕೊರಡು ಬರೀ ಮರ ಎಂದು ಆ ಮಗುವಿಗೆ ಗೊತ್ತಾಗಿಬಿಡುತ್ತದೆ, ಅದೂ ಎಲ್ಲರೆದುರಿಗೆ. ಏನಾದರೂ ಮಾಡಲೇಬೇಕಿತ್ತು. ಆಗ ಅವಳಿಗೆ ನೆನಪಾಯಿತು. ಎಲ್ನಾ ಈ ಮನೆಗೆ ಬಂದಾಗಿಂದ ತಾನು ಕಕ್ಕಸಿಗೆ ಹೋಗುವಾಗ, ಹೊರಗೆ ಯಾರೂ ನಿಲ್ಲಬಾರದು, ಯಾರೂ ಕೇಳಿಸಿಕೊಳ್ಳಬಾರದು ಎಂದು ಕಟ್ಟಪ್ಪಣೆ ಮಾಡಿಯೇ ಹೋಗುತ್ತಿದ್ದಳು.

"ಪುಟ್ಟಿ, ಇಷ್ಟು ಜನ ಕಣ್ಣು ಬಿಟ್ಕೊಂಡು ನೋಡ್ತಾ ಕೂತ್ರೆ ನಿಂಗೆ ಬರತ್ತಾ?"

ಎಲ್ನಾಳ ಕೈ ನಿಂತಿತು. ಅವಳು ಸುತ್ತ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಇಲ್ಲ," ಎಂದಳು. "ಪಾಪ, ನಾಚಿಕೆ ಆಗಿರತ್ತೆ. ಎಲ್ಲರೂ ಆಕಡೆ ತಿರುಗಿ."

ಅಸುಂಪ್ತಾಳಿಗೆ ಹೋದ ಜೀವ ಬಂದಂತಾಯಿತು. ದೊಡ್ಡವರು ಚಿಕ್ಕವರೆಲ್ಲ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಅಳಿಯ ಕೂಡ ಮೂಗನ್ನು ಕ್ಯಾಲೆಂಡರಿಗೆ ತಾಗಿಸಿ ನಿಂತ. ಎಲ್ಲರೂ ತಿರುಗಿದರೆ ಆಂತೋನಿಯ ಹತ್ತಿರ ಹೋಗಿ ಬರಲು ಎಷ್ಟು ಹೊತ್ತು? ಅವಳು ಒಂದು ಹೆಜ್ಜೆ ಹಿಂದಿಟ್ಟಳು. ಅಷ್ಟರಲ್ಲಿ ಎಣ್ಣೆ ಮೆತ್ತಿದ ಪುಟ್ಟ ಕೈಯೊಂದು ಅವಳ ಕೈ ಹಿಡಿಯಿತು.

"ಅಜ್ಜಿ, ನೀನೂ. ನೀನೇ ಎಲ್ಲರಿಗಿಂತ ಜಾಸ್ತಿ ನೋಡೋದು."

ಎಲ್ನಾ ಅವಳನ್ನು ಎಳೆದುಕೊಂಡು ಹೋಗಿ ಗೋಡೆಯ ಮುಂದೆ ನಿಲ್ಲಿಸಿ, ತಾನೂ ಪಕ್ಕದಲ್ಲಿ ನಿಂತಳು. ಹಿಡಿದ ಕೈ ಬಿಡಲಿಲ್ಲ.

ಅಸುಂಪ್ತಾ ತನ್ನ ಜೀವಮಾನದಲ್ಲಿ ಅಷ್ಟು ಹತ್ತಿರದಿಂದ ಆ ಗೋಡೆಯನ್ನು ನೋಡಿರಲಿಲ್ಲ. ಯಾರಿಗೆ ಕಣ್ಸನ್ನೆ ಮಾಡುವುದು? ಸನ್ನೆ ಮಾಡಿದರೂ ಏನು ಪ್ರಯೋಜನ, ಉಡುಗೊರೆ ಎಲ್ಲಿದೆ ಎಂದು ಒಬ್ಬರಿಗಾದರೂ ಹೇಳಿದ್ದಾಳೆಯೇ? ಗುಟ್ಟು ಗುಟ್ಟು ಎಂದು ಒಬ್ಬಳೇ ಹೊಟ್ಟೆಯೊಳಗೆ ಇಟ್ಟುಕೊಂಡದ್ದು ಈಗ ಅವಳಿಗೇ ಉರುಳಾಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಈ ಹುಡುಗಿ ತಿರುಗುತ್ತಾಳೆ, ಕಂಬಳಿ ಎತ್ತುತ್ತಾಳೆ. ಆ ಮುಖವನ್ನು ತಾನು ನೋಡಬೇಕು. ಅವಳಿಗೆ ನಿಜವಾಗಿಯೂ ಅಳು ಬಂತು. ಆಂತೋನಿ, ನಿನ್ನ ಕಣ್ಣು ಕೆಡಿಸಿದವಳು ನಾನೇ, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಪ್ಪ ಎಂದು ಬೇಡಿಕೊಂಡಳು.

ಹಿಂದೆ ಹಲಗೆಯೊಂದು ಕಿರ್ರೆಂದಿತು. ಆಮೇಲೆ "ಮ್ಮ್ಮ್..." ಎಂದು ದಪ್ಪ ದನಿಯಲ್ಲಿ ತಿಣುಕುವ ಸದ್ದು ಬಂತು.

ಎಲ್ನಾ ಅಜ್ಜಿಯ ಕೈ ಅದುಮಿದಳು. "ಶುರುವಾಯ್ತು," ಎಂದು ಪಿಸುಗುಟ್ಟಿದಳು. ಆಮೇಲೆ ತಿರುಗದೆಯೇ, ಹಿಂದಿದ್ದ ಕೊರಡಿಗೆ ಸಮಾಧಾನ ಹೇಳಿದಳು. "ನಿಧಾನಕ್ಕೆ ಮಾಡು. ಯಾರೂ ನೋಡ್ತಿಲ್ಲ."

"ಮ್ಮ್ಮ್... ಹ್ಹಾ."

ಅಳಿಯನ ಭುಜ ಅಲುಗಿ ಕ್ಯಾಲೆಂಡರು ಪಟಪಟ ಎಂದಿತು. ಸೊಸೆಯಂದಿರು ಬಾಯಿಗೆ ಕೈ ಒತ್ತಿಕೊಂಡರು. ಅಸುಂಪ್ತಾಳಿಗೆ ಮಾತ್ರ ಕೋಪ ತಲೆಗೇರಿತು. ಇಂಥ ಹೊತ್ತಿನಲ್ಲೂ ಚೇಷ್ಟೆ ಮಾಡುತ್ತಿರುವ ಹುಡುಗ ಯಾವನೋ, ಅವನ ಕಿವಿ ಹಿಂಡದಿದ್ದರೆ ತಾನು ಅಸುಂಪ್ತಾಳೇ ಅಲ್ಲ ಎಂದುಕೊಂಡಳು.

"ಆಯ್ತಾ?" ಎಂದು ಎಲ್ನಾ ಕೇಳಿದಳು. ಉತ್ತರ ಬರಲಿಲ್ಲ. "ಆಯ್ತು ಅನ್ಸತ್ತೆ," ಎಂದು ತಿರುಗಿ ಓಡಿದಳು.

ಅಸುಂಪ್ತಾ ಗೋಡೆಯ ಕಡೆಗೇ ನಿಂತಿದ್ದಳು. ಕಂಬಳಿ ಸರಿದ ಸದ್ದು, ಆಮೇಲೆ ಎಲ್ನಾಳ ದನಿ.

"ಅಜ್ಜಿ, ಎಷ್ಟೊಂದು ಮಾಡಿದೆ ನೋಡು ಬಾ. ಪಾಪ, ಹೇಗೆ ತಡ್ಕೊಂಡಿತ್ತೋ."

ತಿರುಗಿ ನೋಡಿದರೆ ಕಂಬಳಿಯಡಿ ಎಲ್ಲವೂ ಇತ್ತು. ಅವಳೇ ಬೆಳಗ್ಗೆ ಆಂತೋನಿಯ ಹೊಟ್ಟೆಯಲ್ಲಿಟ್ಟ ಬಾದಾಮಿ ಮಿಠಾಯಿ, ಚಾಕೊಲೇಟು, ಕೂಸಿನ ಗಿಲಕಿ, ಎಲ್ನಾಳಿಗೆಂದು ಅವಳೇ ಕಣ್ಣು ಬರೆದ ಮರದ ಕುರಿಮಂದೆ. ಹುಡುಗರು ಮುಗಿಬಿದ್ದರು. ಮಿರೇಯಾ ಅಮ್ಮನಿಗೆ ಹೇಗೆ ಮಾಡಿದೆ ಎಂಬಂತೆ ಹುಬ್ಬೆತ್ತಿದಳು. ಅಸುಂಪ್ತಾ ಕೊರಡನ್ನೇ ನೋಡಿದಳು. ಇಷ್ಟು ವರ್ಷ ಈ ಆಟ ಆಡಿಸಿದವಳು, ತಾನು ಮುಟ್ಟದೆಯೇ ಕೊರಡು ಕಕ್ಕ ಮಾಡಿದ್ದನ್ನು ಮೊದಲ ಸಲ ನೋಡುತ್ತಿದ್ದಳು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವಳೂ ನಂಬಿದಳು.

ಕೊನೆಗೆ ಉಪ್ಪುಮೀನು ಸಿಕ್ಕಿತು. ಎಲ್ಲರೂ ಎಂದಿನಂತೆ "ಅದು ಅಜ್ಜಿಗೆ" ಎಂದು ಕೂಗಿದರು. ಆದರೆ ಎಲ್ನಾ ಇನ್ನೂ ಕಂಬಳಿಯೊಳಗೆ ತಲೆ ಹಾಕಿಕೊಂಡಿದ್ದಳು. "ತಾಳಿ, ಇನ್ನೊಂದಿದೆ," ಎಂದಳು. ಮೀನಾದ ಮೇಲೆ ಏನೂ ಬರಬಾರದು, ಅದು ಕ್ರಮ. ಅವಳು ಹೊರಗೆ ತೆಗೆದದ್ದು ಚಿನ್ನದ ಬಣ್ಣದ ಕಾಗದ ಸುತ್ತಿದ ಒಂದು ಚಿಕ್ಕ ಡಬ್ಬಿ. ಮೇಲಿದ್ದ ಹೆಸರನ್ನು ಹೊಸದಾಗಿ ಓದಲು ಕಲಿತವಳು ಬಿಡಿಸಿ ಬಿಡಿಸಿ ಓದಿದಳು. ಅಸುಂಪ್ತಾ ಎಂದಿತ್ತು. ಬಿಚ್ಚಿದರೆ ಸಕ್ಕರೆಪಾಕದ ಚೆಸ್ಟ್‌ನಟ್.

ಅಷ್ಟು ಹೊತ್ತಿಗೆ ಎಂಗ್ರಾಸಿಯಾ ಶಾಲು ಸರಿಮಾಡಿಕೊಳ್ಳುತ್ತ ಬಂದು, "ಎಲ್ಲಾ ಆಗೋಯ್ತಾ?" ಎಂದು ಕೇಳಿದಳು.

"ತಿಯೋಗೆ ಆಯ್ತು ಚಿಕ್ಕಜ್ಜಿ," ಎಂದಳು ಎಲ್ನಾ ಕಾಳಜಿಯಿಂದ. "ನಿಮಗೂ ಆಯ್ತಾ?"

ಮನೆಯೆಲ್ಲ ನಗುತ್ತಿರುವಾಗ ಅಸುಂಪ್ತಾ ಡಬ್ಬಿ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಫೆರ್ಮಿ ಅಲ್ಲಿ ಸಾರು ಕಲಕುತ್ತಿದ್ದ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಬರೀ ಕಾಲುಚೀಲ. ಸ್ವೆಟರಿನ ಬಲತೋಳು ಮೊಣಕೈಯ ತನಕ ಗಾರೆಯ ಪುಡಿ ಮೆತ್ತಿ ಬೆಳ್ಳಗಾಗಿತ್ತು. ಸಂತನ ಬೆನ್ನೊಳಗೆ ಕೈ ಹಾಕಿದವರಿಗೆಲ್ಲ ಮೆತ್ತುವ ಪುಡಿ ಅದು. ಅದನ್ನು ನೋಡಿದಾಗ ಅವಳಿಗೆ ತನ್ನ ಬುದ್ಧಿಗೆ ತಾನೇ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜೀವನವಿಡೀ ಸಂತರನ್ನು ಆ ತೂತಿಗೆ ಕೈ ಹಾಕಿಯೇ ಎತ್ತಿ ವ್ಯಾನಿಗೆ ಏರಿಸಿದ ಗಂಡಸಿಗೆ, ಸಂತರು ಟೊಳ್ಳು ಎಂದು ಗೊತ್ತಿಲ್ಲ ಎಂದುಕೊಂಡಿದ್ದಳಲ್ಲ.

"ಫೆರ್ಮಿ. ಯಾವಾಗಿಂದ ಗೊತ್ತು ನಿಂಗೆ?"

"ಏನು?" ಎಂದ ಅವನು, ಆಗಷ್ಟೇ ನಿದ್ದೆಯಿಂದ ಎದ್ದ ಮುಖದಲ್ಲಿ.

"ಆಂತೋನಿ ವಿಷಯ."

"ನಾನು ಗೋಡೆ ಕಡೆ ತಿರುಗಿದ್ದೆ ಮಾರಾಯ್ತಿ. ಮಾಡಿದ್ದು ತಿಯೋ."

"ತಿಣುಕಿದ್ದೂ ತಿಯೋನೇ?"

"ಹೊಟ್ಟೆ ಕಟ್ಟಿತ್ತಲ್ಲ, ಪಾಪ."

ಅವಳು ಅವನ ಮುಖವನ್ನು ಹುಡುಕಿ ಹುಡುಕಿ ನೋಡಿದಳು. ಒಂದು ಗೆರೆ ಅಲುಗಿರಲಿಲ್ಲ. ಇಂಥ ಮುಖವನ್ನು ಕೂರಿಸಲು ಕಾರ್ಖಾನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಇವನಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ ಎಂಬ ಅವಳ ನಂಬಿಕೆಯನ್ನು ಇಷ್ಟು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದವನು ಇವನೇ.

"ಹಾಗಾದ್ರೆ ಹೇಳು," ಎಂದಳು ಡಬ್ಬಿ ತೋರಿಸಿ. "ನಿನ್ನ ತಿಯೋಗೆ ನನ್ನ ನೆನಪು ಈ ವರ್ಷ ಬಂತಾ?"

ಫೆರ್ಮಿ ಸಾರಿನ ಉಪ್ಪು ನೋಡಿದ. "ಹಾಗೇನಿಲ್ಲ. ಪ್ರತಿವರ್ಷ ನಿಂಗೆ ಅಂತ ತರ್ತಿತ್ತು ಅದು. ಇಡಕ್ಕೆ ಸಮಯ ಸಿಗ್ತಿರ್ಲಿಲ್ಲ. ಯಾವಾಗ್ಲೂ ಅದನ್ನ ಹಾಡು ಹೇಳು ಅಂತ ಅಡುಗೆಮನೆಗೆ ಓಡಿಸ್ತಿದ್ರಲ್ಲ."

"ಮತ್ತೆ ತಂದಿದ್ದೆಲ್ಲ ಏನಾಯ್ತು?"

"ವ್ಯಾನಲ್ಲಿ ಕೂತ್ಕೊಂಡು ಅದೇ ತಿಂದ್ಬಿಡ್ತಿತ್ತು," ಎಂದ ಫೆರ್ಮಿ. "ಅದಕ್ಕೆ ಸಿಹಿ ಅಷ್ಟಾಗಿ ಸೇರಲ್ಲ. ಏನ್ಮಾಡೋದು, ಬಿಸಾಡಕ್ಕೆ ಮನಸ್ಸು ಬರ್ತಿರ್ಲಿಲ್ಲ."

ಅಸುಂಪ್ತಾ ಡಬ್ಬಿಯನ್ನು ಮುಚ್ಚಿ ಒಲೆಯ ಪಕ್ಕ ಇಟ್ಟಳು. ಪಡಸಾಲೆಯ ಕಡೆಯಿಂದ ಪುಟ್ಟ ಹೆಜ್ಜೆಗಳ ಸದ್ದು ಕೇಳಿಸಿತು. ಅವಳು ತಟ್ಟನೆ ಒದ್ದೆ ಬಟ್ಟೆ ತೆಗೆದುಕೊಂಡು ಗಂಡನ ತೋಳನ್ನು ಒರೆಸತೊಡಗಿದಳು.

"ಏನು ಒರೆಸ್ತಿದ್ದೀಯ ಅಜ್ಜಿ?" ಎಂದಳು ಎಲ್ನಾ ಬಾಗಿಲಲ್ಲಿ ನಿಂತು.

"ಹಿಟ್ಟು ಕಣೇ. ನಿನ್ನ ತಾತ ಯಾವುದನ್ನ ಮುಟ್ಟಿದ್ರೂ ಮೈಗೆ ಬಳ್ಕೊಂಡೇ ಬರೋದು," ಎಂದಳು. ಒರೆಸಿ ಮುಗಿದ ಮೇಲೂ ಆ ತೋಳು ಬಿಡಲಿಲ್ಲ.

ಆ ಮನೆಯಲ್ಲಿ ಈಗ ಕೊರಡಿಗೆ ಏಟಿಲ್ಲ, ಎಣ್ಣೆ ನೀವುತ್ತಾರೆ. ತಣ್ಣನೆಯ ಎಣ್ಣೆ ಹಚ್ಚಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆಂದು ಅದನ್ನು ಬಿಸಿ ಮಾಡಲು ಮಕ್ಕಳನ್ನೆಲ್ಲ ಅಡುಗೆಮನೆಗೆ ಕರೆದುಕೊಂಡು ಹೋಗುವವಳು ಅಸುಂಪ್ತಾ. ಎಲ್ಲರಿಗಿಂತ ಜೋರಾಗಿ ಹಾಡುತ್ತಾಳೆ. ಪಡಸಾಲೆಯಿಂದ ಫೆರ್ಮಿ ಬನ್ನಿ ಎಂದು ಕೂಗುವ ತನಕ ಅವಳು ಒಮ್ಮೆಯೂ ಆ ಕಡೆ ಇಣುಕುವುದಿಲ್ಲ.